ಮಾಂಟೆಸ್ಸರಿಗೆ ಹೋದ ಮಗಳು ಈಗ ಪಿಯುಸಿ: ಏನು ಉಳಿಯಿತು, ಏನು ಉಳಿಯಲಿಲ್ಲ

ಮಾಂಟೆಸ್ಸರಿ ಶಾಲೆಗಳ ಬಗ್ಗೆ ನಾನು ಓದಿರುವ ವಿಮರ್ಶೆಗಳಲ್ಲಿ ಹೆಚ್ಚಿನವು ಮಗು ಸೇರಿದ ಮೊದಲ ವರ್ಷದಲ್ಲೇ ಬರೆದಂಥವು. "ನಮ್ಮ ಪುಟ್ಟ ಈಗ ತಾನೇ ಶೂ ಹಾಕಿಕೊಳ್ಳುತ್ತಾನೆ, ಫೈವ್ ಸ್ಟಾರ್." ಸಂತೋಷ. ಆದರೆ ಅಡ್ಮಿಷನ್ ದಿನ ಶಾಲೆಯವರು ಕೊಡುವ ಮಾತು ಶೂ ಬಗ್ಗೆ ಇರುವುದಿಲ್ಲ. ಮಕ್ಕಳು ಮುಂದೆ ಸ್ವತಂತ್ರರಾಗುತ್ತಾರೆ, ಜವಾಬ್ದಾರಿ ಕಲಿಯುತ್ತಾರೆ ಅಂತ ಹೇಳಿ ಫೀಸು ಕಟ್ಟಿಸಿಕೊಳ್ಳುತ್ತಾರೆ. ಅದು ನಿಜವೋ ಸುಳ್ಳೋ ಗೊತ್ತಾಗಬೇಕಾದರೆ ಮಗು ಬೆಳೆಯುವವರೆಗೆ ಕಾಯಬೇಕು. ನಮ್ಮ ಮಗಳು ಈಗ ಪಿಯುಸಿ. ಎರಡೂವರೆ ವರ್ಷಕ್ಕೆ ಬೆಂಗಳೂರು ದಕ್ಷಿಣದ ಒಂದು ಮಾಂಟೆಸ್ಸರಿಗೆ ಸೇರಿ, ಆರು ತುಂಬುವವರೆಗೆ ಅಲ್ಲೇ ಇದ್ದಳು. ಆಮೇಲೆ ಹತ್ತನೇ ತರಗತಿವರೆಗೆ ಸ್ಟೇಟ್ ಸಿಲಬಸ್‌ನ ಮಾಮೂಲಿ ಸ್ಕೂಲು. ಮಗನದು ಬೇರೆ ಕಥೆ, ಅದನ್ನೂ ಹೇಳುತ್ತೇನೆ.

ಅಲ್ಲಿ ಏನು ಮಾಡಿಸುತ್ತಾರೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಎರಡೂವರೆಯಿಂದ ಆರು ವರ್ಷದ ಮಕ್ಕಳೆಲ್ಲ ಒಂದೇ ಹಾಲ್‌ನಲ್ಲಿ. ಆ ಹಾಲ್‌ಗೆ ಕ್ಲಾಸ್ ಅನ್ನುವುದಿಲ್ಲ, ಎನ್ವಿರಾನ್ಮೆಂಟ್ ಅನ್ನುತ್ತಾರೆ. ಟೀಚರ್‌ಗೆ ಮಕ್ಕಳೆಲ್ಲ ಆಂಟಿ ಅಂತ ಕರೆಯುತ್ತಾರೆ. ಗೋಡೆ ಉದ್ದಕ್ಕೂ ಮಗುವಿನ ಎದೆ ಮಟ್ಟದ ತೆರೆದ ಶೆಲ್ಫು. ಮಗು ತನಗೆ ಬೇಕಾದ ಸಾಮಾನು ತೆಗೆದುಕೊಳ್ಳಬೇಕು, ಮ್ಯಾಟ್ ಹಾಸಬೇಕು, ಕೆಲಸ ಮುಗಿಸಬೇಕು, ಎಲ್ಲಿತ್ತೋ ಅಲ್ಲೇ ಇಡಬೇಕು, ಮ್ಯಾಟ್ ಸುತ್ತಿಡಬೇಕು. ಇಷ್ಟೇ. ಶುರುವಿನಲ್ಲಿ ಪೂರ್ತಿ ಮನೆಗೆಲಸ: ಒಂದು ಜಗ್‌ನಿಂದ ಇನ್ನೊಂದಕ್ಕೆ ನೀರು ಸುರಿಯುವುದು, ಚಮಚದಲ್ಲಿ ಕಾಳು ತುಂಬುವುದು, ಬಟಾಣಿ ಬಿಡಿಸುವುದು, ಮೇಜು ಒರೆಸುವುದು. ಇದಕ್ಕೆ ಇಪಿಎಲ್ ಅಂತ ಹೆಸರು, ಎಕ್ಸರ್ಸೈಸಸ್ ಆಫ್ ಪ್ರಾಕ್ಟಿಕಲ್ ಲೈಫ್, ಅಂದರೆ ದಿನನಿತ್ಯದ ಕೆಲಸಗಳ ಅಭ್ಯಾಸ. "ಇಷ್ಟು ದುಡ್ಡು ಕೊಟ್ಟು ಕಳಿಸುವುದು ಕಸ ಗುಡಿಸೋಕಾ?" ಅಂತ ನಮ್ಮಮ್ಮ ಕೇಳಿದ್ದರು. ಫೀಸು ಪಕ್ಕದ ರಸ್ತೆಯ ನರ್ಸರಿಗಿಂತ ಸುಮಾರು ಎರಡು ಪಟ್ಟು ಇದ್ದದ್ದರಿಂದ ಅವರ ಪ್ರಶ್ನೆಗೆ ಆಗ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ.

ಆ ಸಾಮಾನುಗಳ ಬಗ್ಗೆ ಒಂದು ವಿಷಯ ನನಗೆ ನಿಧಾನವಾಗಿ ಅರ್ಥವಾಯಿತು. ಪ್ರತಿಯೊಂದೂ ಒಂದೊಂದೇ ಇರುತ್ತದೆ. ಪಿಂಕ್ ಟವರ್ ಅಂತ ಒಂದಿದೆ, ಒಂದು ಸೆಂಟಿಮೀಟರ್‌ನಿಂದ ಹತ್ತು ಸೆಂಟಿಮೀಟರ್‌ವರೆಗಿನ ಹತ್ತು ಗುಲಾಬಿ ಘನಗಳು, ದೊಡ್ಡದರ ಮೇಲೆ ಚಿಕ್ಕದು ಜೋಡಿಸಬೇಕು. ಮೂವತ್ತು ಮಕ್ಕಳಿರುವ ಹಾಲ್‌ಗೂ ಅದು ಒಂದೇ ಸೆಟ್. ಬೇರೆ ಮಗು ತೆಗೆದುಕೊಂಡಿದ್ದರೆ ಕಾಯಬೇಕು. ಕಿತ್ತುಕೊಳ್ಳುವ ಹಾಗಿಲ್ಲ, ಬೇಗ ಮುಗಿಸು ಅಂತ ಆ ಮಗುವಿಗೆ ಆಂಟಿಯಿಂದ ಹೇಳಿಸುವ ಹಾಗೂ ಇಲ್ಲ. ದುಡ್ಡು ಉಳಿಸೋಕೆ ಹೀಗೆ ಮಾಡಿದ್ದಾರೆ ಅಂತ ಕೆಲವು ಪೋಷಕರು ಜಗಳ ಆಡಿದ್ದೂ ಇದೆ. ಆದರೆ ಅದು ಬೇಕೆಂದೇ ಮಾಡಿದ್ದು. ಗಾಜಿನ ಲೋಟ, ಪಿಂಗಾಣಿ ಬಟ್ಟಲು ಕೊಡುವುದೂ ಬೇಕೆಂದೇ. ಪ್ಲಾಸ್ಟಿಕ್ ಬಿದ್ದರೆ ಏನೂ ಆಗಲ್ಲ, ಹಾಗಾಗಿ ಹುಷಾರಾಗಿ ಹಿಡಿಯಬೇಕು ಅಂತ ಮಗುವಿಗೆ ಅನಿಸುವುದೇ ಇಲ್ಲ. ಗಾಜು ಒಡೆದರೆ ಬೈಗುಳವಿಲ್ಲ. ಪೊರಕೆ ಎಲ್ಲಿದೆ ಅಂತ ಗೊತ್ತಿರುತ್ತದೆ, ಚೂರು ಎತ್ತಲು ಆಂಟಿ ಜೊತೆಗೆ ಬರುತ್ತಾರೆ.

ಇನ್ನೊಂದು, ಮರದ ದಿಮ್ಮಿಯಲ್ಲಿ ಹತ್ತು ಗುಳಿ, ಹತ್ತು ಸಿಲಿಂಡರ್. ಒಂದನ್ನು ತಪ್ಪು ಗುಳಿಗೆ ಹಾಕಿದರೆ ಕೊನೆಯದು ಎಲ್ಲೂ ಕೂರುವುದಿಲ್ಲ. ತಪ್ಪಾಯಿತು ಅಂತ ಯಾರೂ ಹೇಳಬೇಕಾಗಿಲ್ಲ, ದಿಮ್ಮಿಯೇ ಹೇಳುತ್ತದೆ. ನನ್ನ ಮಟ್ಟಿಗೆ ಇಷ್ಟು ವರ್ಷದ ಮೇಲೂ ಅವಳಲ್ಲಿ ಕಾಣುವುದು ಇದೊಂದೇ ಅಂದರೂ ನಡೆಯುತ್ತದೆ. ಲೆಕ್ಕ ಮಾಡಿದ ಮೇಲೆ ಉತ್ತರವನ್ನು ಹಿಂದಿನಿಂದ ಹಾಕಿ ನೋಡುವುದು, ಟೀಚರ್ ಕೆಂಪು ಶಾಯಿಯಲ್ಲಿ ಗೀಟು ಹಾಕುವ ಮೊದಲೇ ತನಗೆ ಎಲ್ಲಿ ಕೈಕೊಟ್ಟಿತು ಅಂತ ಹುಡುಕುವುದು. ಎಸ್ಸೆಸ್ಸೆಲ್ಸಿ ವರ್ಷ ಮನೆಯಲ್ಲಿ ಯಾರೂ "ಓದಿಕೋ" ಅನ್ನಲಿಲ್ಲ. ಟೈಮ್‌ಟೇಬಲ್ ಅವಳೇ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದಳು, ಅದರಲ್ಲಿ ನಿದ್ದೆ ಮತ್ತು ಸೀರಿಯಲ್ಲಿಗೂ ಜಾಗ ಇತ್ತು. ಬಿಎಂಟಿಸಿಯಲ್ಲಿ ಒಬ್ಬಳೇ ಓಡಾಡುತ್ತಾಳೆ. ಡಾಕ್ಟರ್ ಹತ್ತಿರ ಹೋದರೆ ಏನಾಗುತ್ತಿದೆ ಅಂತ ಅವಳೇ ಹೇಳುತ್ತಾಳೆ, ನಾನು ಪಕ್ಕದಲ್ಲಿ ಸುಮ್ನೆ ಕೂರುತ್ತೇನೆ. ಪಿಯುಸಿಗೆ ಕಾಮರ್ಸ್ ತೆಗೆದುಕೊಂಡದ್ದು ಅವಳದೇ ತೀರ್ಮಾನ. ಎಲ್ಲ ಕಾಲೇಜಿನ ಫೀಸು, ಬಸ್ ರೂಟು ಪಟ್ಟಿ ಮಾಡಿ ತಂದಿದ್ದಳು, ನೆಂಟರ ಕಡೆಯಿಂದ ಸೈನ್ಸ್ ಯಾಕಿಲ್ಲ ಅಂತ ಬಂದ ಫೋನ್‌ಗಳಿಗೂ ಅವಳೇ ಉತ್ತರ ಕೊಟ್ಟಳು.

ಇದರ ಇನ್ನೊಂದು ಮುಖವನ್ನು ಬ್ರೋಷರ್‌ನಲ್ಲಿ ಬರೆಯುವುದಿಲ್ಲ. ತಾನೇ ಮಾಡಬೇಕು ಅನ್ನುವ ಹುಡುಗಿ ಸಹಾಯ ಕೇಳುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ಕೆಮಿಸ್ಟ್ರಿ ಸಮೀಕರಣ ಅರ್ಥವಾಗದೆ ವಾರಗಟ್ಟಲೆ ಒಬ್ಬಳೇ ಒದ್ದಾಡಿದಳು, ಬಾಯಿ ಬಿಡಲಿಲ್ಲ. ವಾದವೂ ಜಾಸ್ತಿ. "ಯಾಕೆ?" ಅಂತ ಕೇಳದೆ ಯಾವ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ. ಮತ್ತೆ ಆ ಮ್ಯಾಟ್ ಸುತ್ತಿಡುತ್ತಿದ್ದ ಮಗು ಈಗ ರೂಮು ಇಟ್ಟುಕೊಂಡಿರುವ ರೀತಿ ನೋಡಿದರೆ ಆ ಆಂಟಿಯರು ಅತ್ತುಬಿಡುತ್ತಾರೆ. ಕುರ್ಚಿ ಮೇಲೆ ಬಟ್ಟೆ, ಬಟ್ಟೆ ಮೇಲೆ ಪುಸ್ತಕ, ಅದರ ಮೇಲೆ ಇಯರ್‌ಫೋನ್. ಅಚ್ಚುಕಟ್ಟು ಬೇರೆ, ಜವಾಬ್ದಾರಿ ಬೇರೆ ಅಂತ ಅರ್ಥ ಮಾಡಿಕೊಂಡು ಬಾಗಿಲು ಮುಚ್ಚಿಕೊಂಡು ಹೋಗುತ್ತೇವೆ.

ತುಂಬಾ ಕಷ್ಟ ಆದದ್ದು ಒಂದನೇ ತರಗತಿ. ಮಾಂಟೆಸ್ಸರಿಯಲ್ಲಿ ಬಾಯಾರಿದರೆ ಎದ್ದು ಹೋಗಿ ನೀರು ಕುಡಿಯುವುದು ಅಭ್ಯಾಸ. ಹೊಸ ಸ್ಕೂಲಿನಲ್ಲಿ ಹಾಗೇ ಎದ್ದಳು. ಡೈರಿಯಲ್ಲಿ "ಡಿಸಿಪ್ಲಿನ್ ಇಲ್ಲ" ಅಂತ ಬಂತು. ನೀರು ಕುಡಿಯಲು ಯಾಕೆ ಕೇಳಬೇಕು ಅನ್ನುವುದೇ ಅವಳಿಗೆ ಗೊತ್ತಾಗಲಿಲ್ಲ, ಅದನ್ನು ಅವಳಿಗೆ ಹೇಗೆ ಹೇಳಿಕೊಡುವುದು ಅಂತ ನಮಗೂ ಗೊತ್ತಾಗಲಿಲ್ಲ. ಒಂದು ಲೆಕ್ಕದಲ್ಲಿ ಮುಳುಗಿರುವಾಗ ಬೆಲ್ ಹೊಡೆದು ಪುಸ್ತಕ ಮುಚ್ಚಿಸಿದರೆ ಅಳು. ಹಿಂದಿನ ಶಾಲೆಯಲ್ಲಿ ಬೆಳಗ್ಗೆ ಸುಮಾರು ಮೂರು ಗಂಟೆ ಕಾಲ ಯಾರೂ ಅಡ್ಡ ಬರುತ್ತಿರಲಿಲ್ಲ, ಇಲ್ಲಿ ನಲವತ್ತು ನಿಮಿಷಕ್ಕೊಂದು ಪೀರಿಯಡ್. ಮೊದಲ ಟರ್ಮ್ ಪೂರ್ತಿ ಹೀಗೇ ಹೋಯಿತು. ಲೆಕ್ಕದಲ್ಲಿ ಮಾತ್ರ ತೊಂದರೆಯೇ ಇರಲಿಲ್ಲ. ಬಿಡಿ ಮಣಿ ಒಂದು, ಹತ್ತು ಮಣಿಯ ಸರಳು, ನೂರು ಮಣಿಯ ಚೌಕ, ಸಾವಿರ ಮಣಿಯ ಘನ ಅಂತ ಕೈಯಲ್ಲಿ ಎತ್ತಿ ತೂಕ ನೋಡಿ ಬಂದವಳಿಗೆ ಬಿಡಿ, ಹತ್ತು, ನೂರು ಬಾಯಿಪಾಠ ಬೇಕಾಗಲಿಲ್ಲ.

ಕನ್ನಡಕ್ಕೆ ಮಾತ್ರ ನಾನು ಅಂಕ ಕಡಿಮೆ ಕೊಡುತ್ತೇನೆ. ಮರಳುಕಾಗದದ ಅಕ್ಷರ ಕನ್ನಡದಲ್ಲೂ ಇದ್ದವು, ಬೆರಳಲ್ಲಿ ತೀಡಿ ತೀಡಿ ಅ ಆ ಇ ಈ ಚೆನ್ನಾಗಿ ಬಂತು. ಆದರೆ ಬಿಡಿ ಅಕ್ಷರ ಜೋಡಿಸಿ ಪದ ಮಾಡುವ ಡಬ್ಬಿ ಇಂಗ್ಲಿಷಿನದು ಮಾತ್ರ. ಈ ಪದ್ಧತಿ ಹುಟ್ಟಿದ್ದು ಇಟಲಿಯಲ್ಲಿ, ಅವರ ಭಾಷೆಯಲ್ಲಿ ಅಕ್ಷರ ಪಕ್ಕ ಪಕ್ಕ ಇಟ್ಟರೆ ಪದವಾಗುತ್ತದೆ. ನಮ್ಮದರಲ್ಲಿ ಕಾಗುಣಿತ ಸೇರಿದರೆ ಅಕ್ಷರದ ಆಕಾರವೇ ಬದಲಾಗುತ್ತದೆ, ಒತ್ತು ಕೆಳಗೆ ಹೋಗಿ ಕೂರುತ್ತದೆ. "ಅಕ್ಕ" ಅಂತ ಬರೆಯಲು ಆ ಡಬ್ಬಿಯ ಲೆಕ್ಕ ನಡೆಯುವುದಿಲ್ಲ. ಯಾರಾದರೂ ಕೂತು ಸರಿಯಾಗಿ ಕನ್ನಡಕ್ಕೆ ಹೊಂದಿಸಬೇಕಾದ ಕೆಲಸ ಅದು. ನಮ್ಮ ಶಾಲೆಯಲ್ಲಿ ಮಾಡಿರಲಿಲ್ಲ. ಕಾಗುಣಿತ ಕಲಿಸಿದ್ದು ನಮ್ಮಮ್ಮ, ಸ್ಲೇಟಿನ ಮೇಲೆ.

ಇದು ಹೊರಗಿನಿಂದ ಬಂದ ಫ್ಯಾಷನ್ ಅನ್ನುವವರಿಗೆ ಒಂದು ಮಾತು. ಮರಿಯಾ ಮಾಂಟೆಸ್ಸರಿ ಡಾಕ್ಟರ್ ಓದಿದ ಹೆಂಗಸು. 1907ರ ಜನವರಿಯಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಅನ್ನುವ ಬಡವರ ಬಡಾವಣೆಯಲ್ಲಿ, ಕೂಲಿ ಮಾಡುವವರ ಮಕ್ಕಳಿಗಾಗಿ ಮೊದಲ ಶಾಲೆ ಶುರು ಮಾಡಿದರು. 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಕರೆಗೆ ಮದ್ರಾಸಿನ ಅಡ್ಯಾರಿಗೆ ಬಂದರು. ಅಷ್ಟರಲ್ಲಿ ಯುದ್ಧ. ಇಟಲಿ ಎದುರು ಪಕ್ಷ ಸೇರಿದ್ದರಿಂದ ಬ್ರಿಟಿಷರು ಮಗ ಮಾರಿಯೊನನ್ನು ಬಂಧನದಲ್ಲಿಟ್ಟರು, 1940ರಲ್ಲಿ ತಾಯಿಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಬಿಟ್ಟರು. ಮಾಂಟೆಸ್ಸರಿ ಕೊಡೈಕೆನಾಲ್‌ನಲ್ಲೂ ಇದ್ದು, 1946ರವರೆಗೆ ಇಲ್ಲೇ ಇದ್ದರು, ಊರೂರಿನಲ್ಲಿ ಟೀಚರ್‌ಗಳಿಗೆ ತರಬೇತಿ ಕೊಟ್ಟರು. ಅಂದರೆ ಈ ಪದ್ಧತಿ ಇಲ್ಲಿಗೆ ಬಂದು ಎಂಬತ್ತು ವರ್ಷದ ಮೇಲಾಯಿತು. ಬಡ ಮಕ್ಕಳಿಗೆ ಅಂತ ಶುರುವಾದದ್ದು ನಮ್ಮ ಊರಲ್ಲಿ ಕಾರಿದ್ದವರ ಮಕ್ಕಳ ಪಾಲಾಗಿದೆ. ಅದು ನನಗೆ ಬೇಸರ.

ಈಗ ಮಗನ ಕಥೆ. ಅವನ ಹೊತ್ತಿಗೆ ನಾವು ಮನೆ ಬದಲಾಯಿಸಿದ್ದೆವು, ಹತ್ತಿರದಲ್ಲೇ ಬೋರ್ಡಿನಲ್ಲಿ ಮಾಂಟೆಸ್ಸರಿ ಅಂತ ಬರೆದ ಒಂದು ಜಾಗ ಇತ್ತು. ಪಿಂಕ್ ಟವರ್ ಇತ್ತು, ಗಾಜಿನ ಬೀರುವಿನಲ್ಲಿ, ಬೀಗ ಹಾಕಿ. ಪೋಷಕರ ಸಭೆ ದಿನ ಹೊರಗೆ ಬರುತ್ತಿತ್ತು. ಉಳಿದ ದಿನ ಒಂದೇ ವಯಸ್ಸಿನ ಮಕ್ಕಳು ಸಾಲಾಗಿ ಕೂತು ಕಾಪಿ ತಿದ್ದುವುದು, ಸಂಜೆಗೆ ಹೋಂವರ್ಕು. ಆ ಹೆಸರು ಯಾರ ಆಸ್ತಿಯೂ ಅಲ್ಲ, ಬೇಕಾದವರು ಬೋರ್ಡು ಬರೆಸಬಹುದು. ಆದ್ದರಿಂದ ನೋಡಲು ಹೋಗುವವರು ಬೋರ್ಡು ಬಿಟ್ಟು ಒಳಗಿನದನ್ನು ನೋಡಿ. ಬೆಳಗಿನ ಹೊತ್ತು ಮೂಲೆಯಲ್ಲಿ ಒಂದು ಗಂಟೆ ಸುಮ್ನೆ ಕೂತು ನೋಡಲು ಬಿಡುತ್ತಾರಾ ಕೇಳಿ. ಬಿಡದಿದ್ದರೆ ಅಲ್ಲೇ ಅರ್ಧ ಗೊತ್ತಾಯಿತು. ಆಂಟಿಯ ಧ್ವನಿ ಹಾಲ್ ಪೂರ್ತಿ ಕೇಳುತ್ತಿದ್ದರೆ ಇನ್ನರ್ಧ. ಎಲ್ಲಿ ಟ್ರೈನಿಂಗ್ ಆಗಿದೆ, ಎಷ್ಟು ತಿಂಗಳ ಕೋರ್ಸು ಅಂತಲೂ ಕೇಳಿ, ನಾಚಿಕೊಳ್ಳಬೇಡಿ. ಬೆಂಗಳೂರಿನಲ್ಲೇ ಟ್ರೈನಿಂಗ್ ಕೊಡುವ ಹಳೆಯ ಸಂಸ್ಥೆ ಇದೆ, ತರಬೇತಿ ಆದವರು ಸಿಗುವುದಿಲ್ಲ ಅನ್ನುವ ನೆಪ ಇಲ್ಲಿ ನಡೆಯಲ್ಲ.

ತಮಾಷೆ ಏನಂದರೆ, ಬೀಗ ಹಾಕಿದ ಮಾಂಟೆಸ್ಸರಿಗೆ ಹೋದ ಈ ಹುಡುಗನ ರೂಮು ಅಕ್ಕನದಕ್ಕಿಂತ ಚೊಕ್ಕ. ಊಟದ ಡಬ್ಬಿ ತಾನೇ ತುಂಬಿಕೊಳ್ಳುತ್ತಾನೆ, ಸಮವಸ್ತ್ರ ತಾನೇ ಇಸ್ತ್ರಿ ಮಾಡಿಕೊಳ್ಳುತ್ತಾನೆ. ಯಾಕೆ ಅಂತ ನಾವಿಬ್ಬರೂ ಯೋಚಿಸಿದ್ದೇವೆ. ಮಗಳ ಕಾಲದಲ್ಲಿ ಆಂಟಿಯರು ಹೇಳಿ ಹೇಳಿ ನಮ್ಮ ಮನೆ ಬದಲಾಗಿತ್ತು. ಬಟ್ಟೆ ಕೊಕ್ಕೆ ಕೆಳಗೆ ಬಂದಿತ್ತು, ಸಿಂಕ್ ಮುಂದೆ ಮರದ ಸ್ಟೂಲು, ತಟ್ಟೆ ಲೋಟ ಕೆಳಗಿನ ಗೂಡಿನಲ್ಲಿ. ನಮ್ಮಮ್ಮನನ್ನು ಒಪ್ಪಿಸಲು ಹೆಚ್ಚು ಸಮಯ ಬೇಕಾಯಿತು. ನಾಲ್ಕು ವರ್ಷದವಳು ಸೌತೆಕಾಯಿ ಹೆಚ್ಚುವುದು ನೋಡಿ "ಏನೋ ಇದು, ಮಗು ಕೈಗೆ ಚಾಕು ಕೊಟ್ಟಿದ್ದೀಯಲ್ಲೋ" ಅಂತ ಗಾಬರಿಯಾದವರು, ತುತ್ತು ಮಾಡಿ ತಿನ್ನಿಸದಿದ್ದರೆ ಅಜ್ಜಿ ಅಂತ ಯಾಕಿರಬೇಕು ಅಂತ ಕೋಪ ಮಾಡಿಕೊಂಡವರು. ಮೊಮ್ಮಗನ ಹೊತ್ತಿಗೆ ಅವರೇ "ಬಿಡೋ, ಅವನೇ ಹಾಕ್ಕೋತಾನೆ" ಅನ್ನುತ್ತಿದ್ದರು. ಅವನಿಗೆ ಸಿಕ್ಕಿದ ಮಾಂಟೆಸ್ಸರಿ ಇದು. ಮಗಳ ಶಾಲೆಗೆ ಕಟ್ಟಿದ ಫೀಸಿನಲ್ಲಿ ಇದೂ ಸೇರಿತ್ತು ಅಂತ ನನ್ನ ಲೆಕ್ಕ. ಶಾಲೆಯಲ್ಲಿ ತಾನೇ ಮಾಡಿ, ಮನೆಗೆ ಬಂದು ಎಲ್ಲ ಮಾಡಿಸಿಕೊಂಡ ಮಕ್ಕಳೂ ಅದೇ ಹಾಲ್‌ನಲ್ಲಿದ್ದರು. ಅವರಲ್ಲಿ ಕೆಲವರು ಈಗಲೂ ಗೊತ್ತು, ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ.

ಸಂಶೋಧನೆ ಏನು ಹೇಳುತ್ತದೆ ಅಂತ ಕೇಳುವವರಿಗೆ: ಅಮೆರಿಕದಲ್ಲಿ ಲಾಟರಿಯಲ್ಲಿ ಸೀಟು ಕೊಡುವ ಸರ್ಕಾರಿ ಮಾಂಟೆಸ್ಸರಿಗಳಿವೆ. ಸೀಟು ಸಿಕ್ಕಿದ ಮಕ್ಕಳನ್ನೂ ಸಿಗದವರನ್ನೂ ಹೋಲಿಸಿದ್ದಾರೆ. ಏಂಜಲೀನ್ ಲಿಲ್ಲಾರ್ಡ್ ಅನ್ನುವ ಮನಶ್ಶಾಸ್ತ್ರಜ್ಞೆ 2006ರಲ್ಲಿ ಮಿಲ್ವಾಕೀಯ ಒಂದು ಶಾಲೆಯ ಮೇಲೆ ಇಂಥ ಅಧ್ಯಯನ ಮಾಡಿದರು, 2025ರಲ್ಲಿ ಅವರ ತಂಡ 24 ಶಾಲೆಗಳ ಮೇಲೆ ಮಾಡಿತು. ಕಿಂಡರ್‌ಗಾರ್ಟನ್ ಮುಗಿಯುವ ಹೊತ್ತಿಗೆ ಓದು, ನೆನಪು, ತನ್ನನ್ನು ತಾನು ಹತೋಟಿಯಲ್ಲಿಡುವ ಶಕ್ತಿ, ಇವುಗಳಲ್ಲಿ ಮಾಂಟೆಸ್ಸರಿ ಮಕ್ಕಳು ಮುಂದಿದ್ದರು. ಆದರೆ ಅದು ಆರು ವರ್ಷದ ಮಕ್ಕಳ ಮಾತು. ಹದಿನೆಂಟರಲ್ಲಿ ಜವಾಬ್ದಾರಿ ಬರುತ್ತದೆ ಅಂತ ಅದರಿಂದ ಯಾರೂ ಗ್ಯಾರಂಟಿ ಕೊಡಲಾಗದು. ಲಾಟರಿ ಇಲ್ಲದ ನಮ್ಮಲ್ಲಿ ಫೀಸು ಕಟ್ಟಿ ಮಾಂಟೆಸ್ಸರಿಗೆ ಕಳಿಸುವ ಮನೆಗಳೇ ಸ್ವಲ್ಪ ಬೇರೆ ಥರ ಇರುತ್ತವೆ, ಅಲ್ವಾ?

ಸೇರಿಸುವುದಾದರೆ ಮೂರನೇ ವರ್ಷ ಬಿಡಿಸಬೇಡಿ. ಎರಡು ವರ್ಷ ಆಗುತ್ತಿದ್ದ ಹಾಗೆ "ದೊಡ್ಡ ಸ್ಕೂಲಿನಲ್ಲಿ ಈಗಲೇ ಸೀಟು ಹಿಡಿಯಬೇಕು" ಅಂತ ಯುಕೆಜಿಗೆ ಎಳೆದುಕೊಂಡು ಹೋಗುವವರು ಬಹಳ. ಮೊದಲ ಎರಡು ವರ್ಷ ಮಗು ದೊಡ್ಡವರನ್ನು ನೋಡಿ ಕಲಿಯುತ್ತದೆ. ಮೂರನೇ ವರ್ಷ ಅದೇ ದೊಡ್ಡದು, ಹೊಸದಾಗಿ ಬಂದು ಅಳುವ ಮಗುವಿನ ಕೈ ಹಿಡಿದು ಮ್ಯಾಟ್ ಹಾಸುವುದನ್ನು ತೋರಿಸುವುದು ಅದರ ಪಾಲಿಗೆ ಬರುತ್ತದೆ. ನನ್ನ ಮಗಳು ಜವಾಬ್ದಾರಿ ಅಂತ ಏನಾದರೂ ಕಲಿತಿದ್ದರೆ ಅದು ಹೆಚ್ಚಾಗಿ ಆ ವರ್ಷದಲ್ಲಿ. ಮೂರು ವರ್ಷದ ಫೀಸು ಹೊಂದಿಸಲು ಆಗದಿದ್ದರೆ ಎರಡು ವರ್ಷಕ್ಕೆ ಅಂತ ಸೇರಿಸುವುದಕ್ಕಿಂತ ಹತ್ತಿರದ ಸಾಧಾರಣ ನರ್ಸರಿಗೇ ಕಳಿಸಿ, ಮನೆಯ ಕೊಕ್ಕೆಗಳನ್ನು ಕೆಳಗೆ ಇಳಿಸಿ. ಆರರ ಮೇಲೂ ಹನ್ನೆರಡರವರೆಗೆ ಮಾಂಟೆಸ್ಸರಿಯಲ್ಲೇ ಮುಂದುವರಿಸುವ ಶಾಲೆಗಳು ಬೆಂಗಳೂರಿನಲ್ಲಿ ಕೆಲವೇ ಇವೆ. ನಮಗೆ ಹತ್ತಿರದ್ದು ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಹೋಗಬೇಕಿತ್ತು, ಹೋಗಲಿಲ್ಲ. ನಾಲ್ಕು ಸ್ಟಾರ್. ಕಡಿಮೆಯಾದ ಒಂದು ಕನ್ನಡದ್ದು.