ಡಿಸ್ಕ್ ಮೇಲೆ ಮುದ್ರಿಸುವ ಮೂರು ಪ್ರಿಂಟರ್‌ಗಳು, ಒಂದು ಒದ್ದೆ ಬೆರಳು

ಹಳೆಯ ಕ್ಯಾಸೆಟ್‌ಗಳ ಧ್ವನಿಯನ್ನು ಸಿಡಿಗೂ ಮನೆಯ ವಿಡಿಯೋಗಳನ್ನು ಡಿವಿಡಿಗೂ ಇಳಿಸಿ, ಕೇಳಿದವರಿಗೆಲ್ಲ ಪ್ರತಿ ಮಾಡಿಕೊಡುವುದು ಹಲವು ವರ್ಷಗಳಿಂದ ನಾನು ಪ್ರೀತಿಯಿಂದ ಮಾಡಿಕೊಂಡು ಬಂದಿರುವ ಕೆಲಸ. ಅಂತಹ ಡಿಸ್ಕ್ ಕೈಯಿಂದ ಕೈಗೆ ದಾಟುತ್ತದೆ. ಅದರ ಮೇಲಿನ ಹೆಸರು ಅಳಿಸಿಹೋದರೆ ಒಳಗಿರುವ ದನಿ ಯಾರದೆಂದು ಹೇಳುವವರೇ ಇರುವುದಿಲ್ಲ. ಆದ್ದರಿಂದ ಲೇಬಲ್ ನನಗೆ ಅಲಂಕಾರದ ವಿಷಯವಲ್ಲ. ಡಿಸ್ಕ್ ಮೇಲೆ ನೇರವಾಗಿ ಮುದ್ರಿಸುವ ಮೂರು ಬಗೆಯ ಇಂಕ್‌ಜೆಟ್ ಪ್ರಿಂಟರ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಬಳಸಿದ್ದೇನೆ. ಮಾದರಿಗಳು ಬರುತ್ತವೆ, ಹೋಗುತ್ತವೆ. ಶಾಯಿಯ ಬಗೆ ಮತ್ತು ಅದನ್ನು ಹನಿಯಾಗಿ ಚಿಮ್ಮಿಸುವ ಹೆಡ್‌ನ ಬಗೆ ಹಾಗೆಯೇ ಉಳಿಯುತ್ತವೆ. ಅದಕ್ಕಾಗಿ ಇಲ್ಲಿ ಮಾದರಿಗಳ ಹೆಸರಿಲ್ಲ.

ಇಂಕ್‌ಜೆಟ್ಟೇ ಏಕೆ? ಕಾಗದದ ಸ್ಟಿಕ್ಕರ್ ಅನ್ನು ನಾನೂ ಅಂಟಿಸಿ ನೋಡಿದೆ. ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಡ್ರೈವ್‌ನ ವೇಗಕ್ಕೆ ಡಿಸ್ಕ್ ಅದುರುತ್ತದೆ. ವರ್ಷಗಳು ಕಳೆದಂತೆ ಅಂಚು ಏಳುತ್ತದೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2003ರಲ್ಲಿ ಪ್ರಕಟಿಸಿದ ಡಿಸ್ಕ್ ಸಂರಕ್ಷಣೆಯ ಕೈಪಿಡಿಯೂ ದೀರ್ಘಕಾಲ ಇಡುವ ಡಿಸ್ಕ್‌ಗಳಿಗೆ ಅಂಟಿನ ಲೇಬಲ್ ಬೇಡ ಎನ್ನುತ್ತದೆ. ಪೆನ್ನಿನ ವಿಷಯದಲ್ಲಿ ಸಿಡಿಗೇ ಹೆಚ್ಚು ಅಪಾಯ. ಡಿವಿಡಿಯಲ್ಲಿ ಮಾಹಿತಿಯ ಪದರ 0.6 ಮಿ.ಮೀ. ದಪ್ಪದ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಭದ್ರವಾಗಿರುತ್ತದೆ. ಸಿಡಿಯಲ್ಲಾದರೋ ಅದು ಲೇಬಲ್ ಬದಿಯ ತೆಳು ಲೇಪನದ ಕೆಳಗೇ ಇದೆ. ಚೂಪಾದ ಪೆನ್ನಿನಿಂದ ಮೇಲೆ ಗೀಚಿದರೆ ಹಾಡೇ ಗೀಚಿಹೋಗುತ್ತದೆ. ಡ್ರೈವ್‌ನ ಲೇಸರ್‌ನಿಂದಲೇ ಲೇಬಲ್ ಕೆತ್ತುತ್ತಿದ್ದ ಲೈಟ್‌ಸ್ಕ್ರೈಬ್ ಬಹಳ ಅಚ್ಚುಕಟ್ಟಾಗಿತ್ತು. ಆದರೆ ಅದಕ್ಕೆ ಅದರದೇ ಲೇಪನದ ಡಿಸ್ಕ್ ಬೇಕಿತ್ತು, ಒಂದೇ ವರ್ಣದಲ್ಲಿ ಮೂಡುತ್ತಿತ್ತು, ಬೆಳಕಿಗೆ ಮಾಸುತ್ತಿತ್ತು. ಈಗ ಆ ತಂತ್ರವೇ ಮಾರುಕಟ್ಟೆಯಿಂದ ಸರಿದಿದೆ.

ನನ್ನ ಮೂರು ಯಂತ್ರಗಳು ಹೀಗಿದ್ದವು. ಮೊದಲನೆಯದು ಆರು ಬಣ್ಣಗಳ ಡೈ ಶಾಯಿಯದು, ಬಾಟಲಿಯಿಂದ ಟ್ಯಾಂಕಿಗೆ ತುಂಬಿಸುವಂಥದ್ದು. ಹೆಡ್ ಪೀಜೋ ಬಗೆಯದು, ಅಂದರೆ ವಿದ್ಯುತ್ತಿಗೆ ಬಾಗುವ ಹರಳು ಹನಿಯನ್ನು ತಳ್ಳುತ್ತದೆ. ಎರಡನೆಯದರಲ್ಲಿ ಐದು ಕಾರ್ಟ್ರಿಜ್, ಡಿಸ್ಕ್ ಮೇಲೆ ಬೀಳುವುದು ಡೈ ಶಾಯಿಯೇ. ಶಾಯಿಯನ್ನು ಕ್ಷಣಮಾತ್ರ ಕಾಯಿಸಿ, ಗುಳ್ಳೆ ಎಬ್ಬಿಸಿ ಹನಿ ಚಿಮ್ಮಿಸುವ ಹೆಡ್. ಮೂರನೆಯದು ಫೋಟೋ ಕೆಲಸಕ್ಕೆಂದೇ ಮಾಡಿದ ಹಳೆಯ ಪೀಜೋ ಯಂತ್ರ, ಎಲ್ಲ ಬಣ್ಣವೂ ಪಿಗ್ಮೆಂಟ್. ಡೈ ಶಾಯಿಯಲ್ಲಿ ಬಣ್ಣ ದ್ರವದಲ್ಲಿ ಕರಗಿರುತ್ತದೆ. ಪಿಗ್ಮೆಂಟ್‌ನಲ್ಲಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಮೂರಕ್ಕೂ ಒಂದೇ ವಿನ್ಯಾಸ ಕೊಟ್ಟೆ: ಒಂದು ಮುಖಚಿತ್ರ, ಸಣ್ಣ ಅಕ್ಷರದಲ್ಲಿ ಹಾಡುಗಳ ಪಟ್ಟಿ, ಅಂಚಿನ ಸುತ್ತ ತೆಳುವಾದ ಗೆರೆ. ಮುದ್ರಿಸಬಹುದಾದ ಬಿಳಿ ಮ್ಯಾಟ್ ಡಿಸ್ಕ್ ಮೇಲೂ ನೀರು ತಡೆಯುವ ಹೊಳಪಿನ ಡಿಸ್ಕ್ ಮೇಲೂ ಮುದ್ರಿಸಿದೆ.

ತೆಗೆದ ತಕ್ಷಣ ಕಣ್ಣಿಗೆ ಗೆದ್ದದ್ದು ಮೊದಲನೆಯದು. ಮುಖದ ಚರ್ಮದ ಬಣ್ಣ ನಯವಾಗಿ ಇಳಿದಿತ್ತು, ನೆರಳಿನಲ್ಲಿ ಕಾಳುಕಾಳು ಕಾಣಲಿಲ್ಲ. ತಿಳಿ ನೀಲಿ, ತಿಳಿ ಕೆಂಪು ಶಾಯಿಗಳು ಬೇರೆಯಾಗಿ ಇರುವುದರ ಗುಣ ಅದು. ಎರಡನೆಯದು ಅದಕ್ಕೆ ಬಹಳ ಹತ್ತಿರ ಬಂತು, ಅಕ್ಷರಗಳು ಒಂದು ಕೈ ಮೇಲೆಯೇ ಅನ್ನಿಸಿತು. ಮೂರನೆಯದು ಮ್ಯಾಟ್ ಡಿಸ್ಕ್ ಮೇಲೆ ಸ್ವಲ್ಪ ಮಂಕು.

ಮರುದಿನ ಬೆರಳನ್ನು ನೀರಿನಲ್ಲಿ ಅದ್ದಿ ಮೂರರ ಮೇಲೂ ಎಳೆದೆ. ಮ್ಯಾಟ್ ಡಿಸ್ಕ್ ಮೇಲಿನ ಡೈ ಶಾಯಿ ಎರಡೂ ಯಂತ್ರಗಳಲ್ಲಿ ಕದಡಿತು. ಮುಖಚಿತ್ರದ ಮೇಲೆ ಬೆರಳಿನ ಜಾಡು ಮೂಡಿತು. ಪಿಗ್ಮೆಂಟ್ ಅಲುಗಲಿಲ್ಲ. ಬೆವರಿದ ಕೈ, ತಣ್ಣನೆಯ ಲೋಟದಿಂದ ಇಳಿದ ನೀರು, ಮಗುವಿನ ಬೆರಳು: ಡಿಸ್ಕ್‌ಗೆ ಎದುರಾಗುವುದು ಇವೇ. ಆದ್ದರಿಂದ ನನ್ನ ಮಟ್ಟಿಗೆ ಈ ಪರೀಕ್ಷೆ ಬಣ್ಣದ ಚೆಲುವಿಗಿಂತ ಹೆಚ್ಚು ತೂಕದ್ದು.

ಎರಡನೆಯ ಯಂತ್ರದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅದರ ಪೆಟ್ಟಿಗೆಯ ಮೇಲೆ ಪಿಗ್ಮೆಂಟ್ ಕಪ್ಪು ಎಂದು ಬರೆದಿತ್ತು. ಅಕ್ಷರಗಳಾದರೂ ನೀರಿಗೆ ನಿಲ್ಲುತ್ತವೆ ಎಂದು ನಂಬಿಯೇ ಕೊಂಡಿದ್ದೆ. ಆದರೆ ಆ ಕಪ್ಪು ಸಾದಾ ಕಾಗದಕ್ಕೆ ಮೀಸಲು. ಡಿಸ್ಕ್ ಎಂದು ಆರಿಸಿದ ಕೂಡಲೇ ಯಂತ್ರ ಡೈ ಕಪ್ಪಿಗೆ ತಿರುಗುತ್ತಿತ್ತು. ಎರಡು ಕಪ್ಪುಗಳಿರುವ ಪ್ರಿಂಟರ್ ಕೊಳ್ಳುವವರು ಡಿಸ್ಕ್‌ಗೆ ಬಳಕೆಯಾಗುವ ಕಪ್ಪು ಯಾವುದೆಂದು ಮೊದಲೇ ಕೇಳಿಕೊಳ್ಳಬೇಕು.

ಹೊಳಪಿನ ಡಿಸ್ಕ್ ಮೇಲೆ ಲೆಕ್ಕವೇ ಬೇರೆಯಾಯಿತು. ಅದರ ಮೇಲ್ಪದರ ಡೈ ಶಾಯಿಯನ್ನು ಒಳಗೆಳೆದುಕೊಂಡು ಹಿಡಿದಿಡುತ್ತದೆ. ಒಂದು ದಿನ ಆರಿದ ಮೇಲೆ ಒದ್ದೆ ಬೆರಳಿಗೂ ಜಗ್ಗಲಿಲ್ಲ, ಬಣ್ಣ ಫೋಟೋ ಕಾಗದದಷ್ಟೇ ಆಳವಾಗಿತ್ತು. ಪಿಗ್ಮೆಂಟ್ ಕಣಗಳು ಅದೇ ಹೊಳಪಿನ ಮೇಲೆ ಹೊರಗೇ ಕುಳಿತು ಉಗುರಿನ ಗೀರಿಗೆ ಸಿಕ್ಕಿದವು. ಅಂದರೆ ಅರ್ಧ ತೀರ್ಮಾನ ಪ್ರಿಂಟರ್‌ನದಲ್ಲ, ಡಿಸ್ಕ್‌ನದು. ನೀರು ತಡೆಯುವ ಹೊಳಪಿನ ಡಿಸ್ಕ್‌ಗಳಿಗೆ ಹೆಸರಾಗಿದ್ದ ಜಪಾನಿನ ತೈಯೋ ಯೂಡೆನ್ 2015ರಲ್ಲಿ ಡಿಸ್ಕ್ ತಯಾರಿಕೆಯನ್ನೇ ನಿಲ್ಲಿಸಿತು. ಅದು ನನಗೆ ನಿಜವಾಗಿಯೂ ನೋವಿನ ಸುದ್ದಿಯಾಗಿತ್ತು.

ಕೊಳ್ಳುವಾಗ ಮುದ್ರಣದ ವ್ಯಾಪ್ತಿಯನ್ನೂ ನೋಡಿ. ಡಿಸ್ಕ್‌ನ ವ್ಯಾಸ 120 ಮಿ.ಮೀ., ನಡುವಿನ ತೂತು 15. ಕೆಲವು ಡಿಸ್ಕ್‌ಗಳಲ್ಲಿ ಬಿಳಿ ಲೇಪನ ತೂತಿನಿಂದ ಬಹು ದೂರದಲ್ಲೇ ನಿಂತುಬಿಡುತ್ತದೆ, ಕೆಲವುಗಳಲ್ಲಿ ಒಳಗಿನವರೆಗೂ ಬರುತ್ತದೆ. ತಂತ್ರಾಂಶದಲ್ಲಿ ಒಳ ಮತ್ತು ಹೊರ ವ್ಯಾಸವನ್ನು ಡಿಸ್ಕ್‌ಗೆ ತಕ್ಕಂತೆ ತುಂಬದಿದ್ದರೆ ಶಾಯಿ ಬರೀ ಪ್ಲಾಸ್ಟಿಕ್ ಮೇಲೆ ಬಿದ್ದು ಎಂದಿಗೂ ಆರುವುದಿಲ್ಲ. ಅಲ್ಲಿಂದ ಟ್ರೇಗೆ, ಟ್ರೇಯಿಂದ ಮುಂದಿನ ಡಿಸ್ಕ್‌ಗೆ ಮೆತ್ತುತ್ತದೆ.

ಅಂಚಿನ ತೆಳು ಗೆರೆ ನಡುವಿಗೆ ಕೂರುವಂತೆ ಮಾಡಲು ಮೂರಕ್ಕೂ ಶ್ರಮಪಟ್ಟೆ. ಹಾಳಾದ ಒಂದು ಡಿಸ್ಕ್ ಮೇಲೆ ಆ ಗೆರೆಯನ್ನಷ್ಟೇ ಮುದ್ರಿಸಿ, ಎಡಬಲದ ಅಂತರವನ್ನು ಅಳತೆಪಟ್ಟಿಯಿಂದ ನೋಡಿ, ವ್ಯತ್ಯಾಸದ ಅರ್ಧದಷ್ಟನ್ನು ತಂತ್ರಾಂಶದಲ್ಲಿ ಸರಿಸುವುದು ನನ್ನ ಕ್ರಮ. ಎರಡನೆಯ ಯಂತ್ರ ಒಮ್ಮೆ ಕೂತರೆ ತಿಂಗಳುಗಟ್ಟಲೆ ಕದಲಲಿಲ್ಲ. ಮೊದಲನೆಯದು ಟ್ರೇ ಒಳಗೆ ಹೋಗುವ ಕೋನಕ್ಕೆ ತಕ್ಕಂತೆ ಅರ್ಧ ಮಿ.ಮೀ. ಅತ್ತಿತ್ತ ಆಡುತ್ತಿತ್ತು. ಬಾಣದ ಗುರುತುಗಳನ್ನು ಕೂಡಿಸಿ, ಯಂತ್ರ ಕೇಳಿದಾಗಲೇ ಟ್ರೇಯನ್ನು ಒಳಬಿಡುವ ತಾಳ್ಮೆ ಬೇಕು.

ವೇಗದಲ್ಲಿ ಹೇಳುವಂತಹ ಅಂತರವಿಲ್ಲ. ಖರ್ಚಿನಲ್ಲಿ ಟ್ಯಾಂಕಿನ ಯಂತ್ರಕ್ಕೆ ಎದುರಿಲ್ಲ.

ಸುಮ್ಮನೆ ಕೂರಿಸಿದಾಗ ಮಾತ್ರ ಪೀಜೋ ಯಂತ್ರಗಳೆರಡೂ ನನ್ನನ್ನು ಕಾಡಿದವು. ಮೂರು ವಾರ ಬಿಟ್ಟು ಬಂದರೆ ಹಳದಿಯೋ ಕಪ್ಪೋ ಕಟ್ಟಿಕೊಂಡು ಮುಖಚಿತ್ರದ ಮೇಲೆ ಬಿಳಿ ಗೆರೆಗಳು. ಹೆಡ್ ತೊಳೆಯಲು ಯಂತ್ರ ಕುಡಿಯುವ ಶಾಯಿಯಲ್ಲಿ ಎಷ್ಟೋ ಡಿಸ್ಕ್ ಮುದ್ರಿಸಬಹುದಿತ್ತು. ಎರಡನೆಯದರ ಹೆಡ್ ಅನ್ನು ಹೊರತೆಗೆಯಬಹುದಾದ್ದರಿಂದ ಅದನ್ನು ಶುಚಿಮಾಡುವುದು ಸುಲಭವಾಗಿತ್ತು. ಈಗ ಪ್ರತಿ ವಾರ ಎಲ್ಲ ಬಣ್ಣಗಳೂ ಇರುವ ಒಂದು ಸಣ್ಣ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸುತ್ತೇನೆ, ಆಮೇಲೆ ಕಟ್ಟಿಕೊಂಡದ್ದಿಲ್ಲ.

ಕೊನೆಗೆ ಎರಡನ್ನು ಉಳಿಸಿಕೊಂಡೆ. ಹಂಚುವ ಡಿಸ್ಕ್‌ಗಳಿಗೆ, ಅಂದರೆ ಯಾರ ಕೈಗೆ ಹೋಗುವುದೋ ಗೊತ್ತಿಲ್ಲದವಕ್ಕೆ, ಮ್ಯಾಟ್ ಮೇಲ್ಮೈ ಮತ್ತು ಪಿಗ್ಮೆಂಟ್. ಮದುವೆಯ ವಿಡಿಯೋದಂತೆ ಚಿತ್ರವೇ ಮುಖ್ಯವಾದವಕ್ಕೆ ಹೊಳಪಿನ ಡಿಸ್ಕ್ ಮತ್ತು ಟ್ಯಾಂಕಿನ ಡೈ. ಒಂದನ್ನಷ್ಟೇ ಕೊಳ್ಳಬಲ್ಲವರಿಗೆ ಟ್ಯಾಂಕಿನದನ್ನೇ ಹೇಳುತ್ತೇನೆ, ಜೊತೆಗೆ ನೀರು ತಡೆಯುವ ಡಿಸ್ಕ್ ತಪ್ಪದೆ ಬಳಸಬೇಕೆಂಬ ಮಾತಿನೊಂದಿಗೆ. ಯಾವುದೇ ಇರಲಿ, ಮೊದಲು ಡಿಸ್ಕ್ ಬರೆದು, ಓದಿಸಿ ನೋಡಿ, ಆಮೇಲೆ ಮುದ್ರಿಸಿ. ಟ್ರೇಯ ಧೂಳೂ ಬೆರಳಿನ ಗುರುತೂ ಬರೆಯುವ ಮುಂಚೆ ತಗುಲಿದರೆ ಬರವಣಿಗೆಯೇ ಕೆಡಬಹುದು. ಮುದ್ರಿಸಿದ್ದನ್ನು ಒಂದು ಹಗಲು, ಒಂದು ರಾತ್ರಿ ಬಿಸಿಲು ತಾಗದ ಕಡೆ ಬಿಡಿಬಿಡಿಯಾಗಿ ಹರಡಿಡಿ, ಒಂದರ ಮೇಲೊಂದು ಪೇರಿಸಬೇಡಿ.

ಬಳಸಿದ ಯಂತ್ರ ಕೊಳ್ಳುವುದಾದರೆ ಡಿಸ್ಕ್ ಟ್ರೇ ಜೊತೆಗಿದೆಯೇ ಎಂದು ನೋಡದೆ ಹಣ ಕೊಡಬೇಡಿ. ಒಂದು ಮಾದರಿಯ ಟ್ರೇ ಇನ್ನೊಂದಕ್ಕೆ ಹೊಂದುವುದು ಅಪರೂಪ. ಟ್ರೇಯ ಮೇಲಿನ ಗುರುತುಗಳನ್ನು ಯಂತ್ರದ ಸೆನ್ಸರ್ ಓದುತ್ತದೆ. ಅಲ್ಲಿ ಶಾಯಿ ಮೆತ್ತಿದ್ದರೆ ಟ್ರೇ ಕಣ್ಣೆದುರಿಗೇ ಇದ್ದರೂ ಇಲ್ಲ ಎನ್ನುತ್ತದೆ. ನನ್ನವನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ಪ್ರಿಂಟರ್ ಪಕ್ಕದಲ್ಲೇ ಇಟ್ಟಿದ್ದೇನೆ.