ಐಚ್ಛಿಕ ಕನ್ನಡದ ಸಣ್ಣಕತೆ ಪತ್ರಿಕೆ: ಒಂದು ಸೆಮಿಸ್ಟರಿನ ಅನುಭವ

ಬಿ.ಎ. ಐಚ್ಛಿಕ ಕನ್ನಡದಲ್ಲಿ ಸಣ್ಣಕತೆಯ ಪತ್ರಿಕೆಯನ್ನು ಓದಿ ಮುಗಿಸಿದ ವಿದ್ಯಾರ್ಥಿನಿಯಾಗಿ, ಅದನ್ನು ಆಯ್ದುಕೊಳ್ಳಲು ಯೋಚಿಸುತ್ತಿರುವವರಿಗಾಗಿ ಈ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ.

ಬೋಧನೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಒಂದಕ್ಕೇ ನಮ್ಮ ಅಧ್ಯಾಪಕಿ ನಾಲ್ಕು ತರಗತಿಗಳನ್ನು ಮೀಸಲಿಟ್ಟರು. ಅತ್ತೆ ಸೊಸೆಯರ ಜಗಳವೆಂದಷ್ಟೇ ನಾನು ತಿಳಿದಿದ್ದ ಆ ಕತೆಯನ್ನು, ಮೊಸರು ಕೊಳ್ಳುವ ಮನೆಯಾಕೆಯೇ ನಮಗೆ ಹೇಳುತ್ತಿದ್ದಾಳೆ ಎಂಬ ಒಂದೇ ಎಳೆ ಹಿಡಿದು ಅವರು ಮತ್ತೆ ಓದಿಸಿದಾಗ, ಮೊಸರು ಮಾರುವ ಮಂಗಮ್ಮ ತೊಟ್ಟ ಮಖಮಲ್ಲಿನ ರವಿಕೆಯನ್ನು ನಾವು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬ ಪ್ರಶ್ನೆ ಎದ್ದಿತು. ನಿರೂಪಣೆ ಎಂಬ ಮಾತು ನನಗೆ ನಿಜವಾಗಿ ಅರ್ಥವಾದದ್ದು ಆ ದಿನವೇ.

ಪಂಜೆಯವರ ಆರಂಭದ ಕತೆಗಳು, 1920ರಲ್ಲಿ ಬಂದ ಮಾಸ್ತಿಯವರ ಮೊದಲ ಸಂಕಲನ, ಆಮೇಲಿನ ನವ್ಯ, ದಲಿತ ಬಂಡಾಯ ಸಾಹಿತ್ಯ ಚಳವಳಿಗಳು ಎಂಬ ಚರಿತ್ರೆಯ ಭಾಗ ಒಂದು ವಾರದಲ್ಲಿ ಮುಗಿಯಿತು, ಅಷ್ಟು ಸಾಕಿತ್ತು.

ಪರೀಕ್ಷೆಯ ಬಗ್ಗೆ ಮಾತ್ರ ನನಗೆ ಬೇಸರವಿದೆ. ‘ಕತೆಯ ಸಾರಾಂಶ ಬರೆಯಿರಿ’ ಎಂದು ಕೇಳಿದರೆ, ಮೂಲವನ್ನು ಮುಟ್ಟದೆ ಗೈಡನ್ನು ಉರುಹೊಡೆದವರಿಗೂ ಕತೆಯನ್ನು ಮೂರು ಸಲ ಓದಿದವರಿಗೂ ಅಂಕದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಓದಿರದ ಕತೆಯೊಂದರ ಪುಟವನ್ನು ಕೊಟ್ಟು, ಅಲ್ಲಿ ಮಾತನಾಡುತ್ತಿರುವವರು ಯಾರು, ಏನನ್ನು ಮುಚ್ಚಿಡುತ್ತಿದ್ದಾರೆ ಎಂದು ಕೇಳಬಹುದಿತ್ತು. ಆದರೂ ಈ ಪತ್ರಿಕೆಯನ್ನು ಆಯ್ದುಕೊಳ್ಳಿ, ಗೈಡನ್ನು ಕೊಳ್ಳಬೇಡಿ.