ಹತ್ತು ವಾರ, ಒಂದೇ ನಾಟಕ

ಶನಿವಾರ ಸಂಜೆಯ ಸಾಹಿತ್ಯ ತರಗತಿ ಮುಗಿಸಿ ಬರೆಯುತ್ತಿದ್ದೇನೆ. 10 ವಾರ, ವಾರಕ್ಕೆ ಒಂದೂವರೆ ಗಂಟೆ, ಓದುವುದು ಒಂದೇ ನಾಟಕ: ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’. ನನ್ನದು ಲೆಕ್ಕಪತ್ರ ನೋಡುವ ಕೆಲಸ. ಒಂದು ನಾಟಕಕ್ಕೆ 15 ಗಂಟೆ ಜಾಸ್ತಿಯಾಯಿತು ಅಂತ ಮೊದಲ ದಿನವೇ ಗೊಣಗಿದ್ದೆ.

ಮೊದಲ ವಾರ ನಾವು ದಾಟಿದ್ದು ಒಂದೇ ದೃಶ್ಯ. ರಾಜ್ಯ ಹಂಚಲು ಕೂತ ಲಿಯರ್, ನನ್ನನ್ನು ಎಷ್ಟು ಪ್ರೀತಿಸ್ತೀರಿ ಅಂತ ಮೂವರು ಹೆಣ್ಣುಮಕ್ಕಳನ್ನು ಕೇಳುತ್ತಾನೆ. ದೊಡ್ಡವರಿಬ್ಬರು ಬಾಯ್ತುಂಬ ಹೊಗಳುತ್ತಾರೆ. ಕಿರಿಯವಳು ಕಾರ್ಡೀಲಿಯಾ ‘ಏನೂ ಇಲ್ಲ’ ಅಂತಾಳೆ. ಕಾಲೇಜಿನಲ್ಲಿ ಓದಿದಾಗಿನಿಂದ ನಾನು ಅವಳ ಪಕ್ಷ. ನನ್ನ ಪಕ್ಕ ಕೂರುತ್ತಿದ್ದವರು ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುವವರು. ಅವರು ಮೆಲ್ಲಗೆ ಕೇಳಿದರು: “ಮುದುಕನಿಗೆ ಎರಡು ಒಳ್ಳೆ ಮಾತಾಡಿದ್ದರೆ ಇವಳ ಗಂಟೇನು ಹೋಗ್ತಿತ್ತು?”

ತರಗತಿ ಎರಡು ಹೋಳಾಯಿತು. ನಾನಂತೂ ಎದ್ದು ನಿಂತೇ ಮಾತಾಡಿದೆ!

ಮೇಷ್ಟ್ರು ತೀರ್ಪು ಕೊಡಲಿಲ್ಲ. ಎರಡು ಹಾಳೆ ಹಂಚಿದರು. ಒಂದು 1608ರ ಮುದ್ರಣದ್ದು, ಇನ್ನೊಂದು 1623ರದ್ದು. ಹಳೆಯದರಲ್ಲಿ ಅವಳು ಒಂದೇ ಸಲ ‘ಏನೂ ಇಲ್ಲ’ ಅನ್ನುತ್ತಾಳೆ, ಅಪ್ಪ ತಕ್ಷಣ ಸಿಡುಕುತ್ತಾನೆ. ಇನ್ನೊಂದರಲ್ಲಿ ಅವನು ‘ಏನೂ ಇಲ್ವಾ?’ ಅಂತ ಮತ್ತೆ ಕೇಳುತ್ತಾನೆ. ಅವಳು ಮತ್ತೆ ‘ಏನೂ ಇಲ್ಲ’. ಇಬ್ಬಿಬ್ಬರಾಗಿ ಎರಡನ್ನೂ ಗಟ್ಟಿಯಾಗಿ ಓದಿದೆವು. ಕಾರ್ಡೀಲಿಯಾಳ ಮಾತು ನನ್ನ ಪಾಲಿಗೆ ಬಂತು. ಎರಡನೇ ಸಲ ಆ ಪದ ಹೇಳುವಾಗ ಎದುರಿಗಿದ್ದವರ ಮುಖ ನೋಡಲಾಗಲಿಲ್ಲ. ಒಬ್ಬಳೇ ಓದಿದಾಗ ಹೀಗೆ ಆಗಿರಲಿಲ್ಲ.

ಕೊರತೆಗಳೂ ಇವೆ. ಹಾಳೆಗಳ ಝೆರಾಕ್ಸ್ ಮಸುಕು. ಒಬ್ಬ ಮಹಾಶಯರು ಪ್ರತಿ ವಾರ ಕಾಲು ಗಂಟೆ ನುಂಗುತ್ತಿದ್ದರು, ಮೇಷ್ಟ್ರು ಸುಮ್ನೆ ಬಿಡುತ್ತಿದ್ದರು. ಬಿರುಗಾಳಿಯ ದೃಶ್ಯ ಅವಸರದಲ್ಲಿ ಮುಗಿಯಿತು. ನನಗೆ ಇನ್ನೂ ಬೇಜಾರಿದೆ.

ಕೊನೆಯ ವಾರ ಕಾರ್ಡೀಲಿಯಾಳ ಸಾವು. 1681ರಲ್ಲಿ ನೇಹಮ್ ಟೇಟ್ ಎಂಬಾತ ನಾಟಕವನ್ನು ತಿದ್ದಿ ಬರೆದ ಕಥೆ ಹೇಳಿದರು. ಅವನ ನಾಟಕದಲ್ಲಿ ಅವಳು ಸಾಯುವುದಿಲ್ಲ, ನಾಟಕದ ಇನ್ನೊಂದು ಪಾತ್ರವಾದ ಎಡ್ಗರನನ್ನು ಮದುವೆಯಾಗುತ್ತಾಳೆ. ವಿದೂಷಕನಂತೂ ಇಲ್ಲವೇ ಇಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ರಂಗದ ಮೇಲೆ ನಡೆದದ್ದು ಇದೇ. ಎಲ್ಲರೂ ನಕ್ಕೆವು. ಆಮೇಲೆ ಇಂಗ್ಲಿಷ್ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್ ವಿಷಯ ಬಂತು. ಆ ಸಾವನ್ನು ಓದಿ ಎಷ್ಟು ಕಂಗೆಟ್ಟಿದ್ದನೆಂದರೆ, ಸಂಪಾದಕನಾಗಿ ತಿದ್ದಲೇಬೇಕಾಗುವ ತನಕ ಕೊನೆಯ ದೃಶ್ಯಗಳನ್ನು ಅವನು ಮತ್ತೆ ಓದಿದ್ದೇ ಅನುಮಾನವಂತೆ. ಹಾಗಂತ ತಾನೇ 1765ರಲ್ಲಿ ಬರೆದಿದ್ದಾನೆ.

“ನನಗೆ ಟೇಟನದ್ದೇ ಇರಲಿ,” ಅಂದರು ಪಕ್ಕದವರು. ವಾರವಾರವೂ ಅವರ ಜೊತೆ ಜಗಳ ಆಡಿದ್ದ ನಾನು ಅವತ್ತು ಬಾಯಿ ಬಿಡಲಿಲ್ಲ.

ಸೇರುವವರು ನಾಟಕವನ್ನು ಒಂದು ಸಲ ಓದಿಕೊಂಡು ಹೋಗಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಬಿರುಗಾಳಿಗೆ, ಝೆರಾಕ್ಸನ್ನು ಮನ್ನಿಸಿದ್ದೇನೆ.